ಪೊರಕೆ, ಡಬ್ಬಿ ಮತ್ತು ಒಂದು ವಿಮಾನ

ನಾನು ಮನೆಯ ಗ್ಯಾರೇಜಿನಲ್ಲಿ ಕಟ್ಟುತ್ತಿರುವ ವಿಮಾನದ ಕೆಲಸ ಎಲ್ಲಿಗೆ ಬಂತು ಎಂದು ಜನ ಕೇಳುತ್ತಾರೆ. ಊರಿನಿಂದ ಫೋನ್ ಮಾಡುವ ಅಕ್ಕ ಕೇಳುತ್ತಾಳೆ, ಯುಗಾದಿ ಊಟದ ಸಾಲಿನಲ್ಲಿ ಹಿಂದೆ ನಿಂತವರು ಕೇಳುತ್ತಾರೆ, ಎದುರು ಮನೆಯ ನಿವೃತ್ತ ಮೇಷ್ಟರು ಸಂಜೆ ನಾಯಿ ಹಿಡಿದುಕೊಂಡು ಹೊರಟವರು ಗ್ಯಾರೇಜಿನ ಬಾಗಿಲ ಬಳಿ ನಿಂತು ಕೇಳುತ್ತಾರೆ. ಬಾಲ ಮುಗಿಯಿತು, ರೆಕ್ಕೆ ಮುಗಿಯುತ್ತಾ ಬಂತು ಎಂಬಂಥ ಉತ್ತರ ಅವರಿಗೆ ಬೇಕಾಗಿರುತ್ತದೆ. ನಾನೂ ಅಂಥದ್ದನ್ನೇ ಕೊಟ್ಟು ಮಾತು ಮುಗಿಸುತ್ತೇನೆ. ಆದರೆ ಆ ವಾರ ನಾನು ನಿಜವಾಗಿ ಮಾಡಿದ ಕೆಲಸವೆಂದರೆ ತಗಡುಗಳನ್ನು ಸೇರಿಸಿ ಬಡಿಯುವ ಸಣ್ಣ ಮೊಳೆಗಳ, ಅಂದರೆ ರಿವೆಟ್ಟುಗಳ, ಡಬ್ಬಿಗಳಿಗೆ ಹೊಸ ಚೀಟಿ ಅಂಟಿಸಿದ್ದು, ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ಸೇರಿದ್ದ ನೀರನ್ನು ಬಸಿದದ್ದು, ಮೇಜಿನ ಕೆಳಗೆ ಬಿದ್ದ ಅಲ್ಯೂಮಿನಿಯಂ ಚೂರುಗಳನ್ನು ಗುಡಿಸಿದ್ದು. ಇವನ್ನೆಲ್ಲ ಯಾರಿಗೂ ವರದಿ ಮಾಡುವಂತಿಲ್ಲ, ಏಕೆಂದರೆ ಇವುಗಳಿಂದ ವಿಮಾನ ಒಂದಿಂಚೂ ಮುಂದಕ್ಕೆ ಹೋದಂತೆ ಕಾಣುವುದಿಲ್ಲ. ಗ್ಯಾರೇಜಿನಲ್ಲಿ ನಾನು ಕಳೆಯುವ ಹೊತ್ತಿನಲ್ಲಿ ದೊಡ್ಡ ಪಾಲು ಇಂಥ ಕೆಲಸಗಳಿಗೇ ಹೋಗುತ್ತಿದೆ ಎಂಬುದು ಗಮನಕ್ಕೆ ಬಂದಾಗಿನಿಂದ ಒಂದು ಸಂಶಯ ನನ್ನನ್ನು ಕಾಡುತ್ತಿದೆ. ಇದು ವಿಮಾನ ಕಟ್ಟುವ ಕೆಲಸದ ಭಾಗವೋ, ಅಥವಾ ವಿಮಾನ ಕಟ್ಟುವುದನ್ನು ತಪ್ಪಿಸಿಕೊಳ್ಳಲು ನಾನು ಕಂಡುಕೊಂಡ ಗೌರವಯುತ ನೆಪವೋ?

ಸಂಶಯಕ್ಕೆ ಆಧಾರವಿಲ್ಲದೆ ಇಲ್ಲ. ಈ ಹವ್ಯಾಸದಲ್ಲಿ ಎರಡು ಬಗೆಯ ಜನ ಸಿಗುತ್ತಾರೆ. ಕೆಲವರ ಗ್ಯಾರೇಜು ಆಸ್ಪತ್ರೆಯ ಆಪರೇಷನ್ ಥಿಯೇಟರಿನಷ್ಟು ಚೊಕ್ಕಟವಾಗಿರುತ್ತದೆ. ನೆಲಕ್ಕೆ ಎಪಾಕ್ಸಿ ಬಣ್ಣ, ಗೋಡೆಗೆ ಬಿಳಿ ಹಲಗೆ, ಒಂದೊಂದು ಸ್ಪ್ಯಾನರಿಗೂ ಫೋಮಿನಲ್ಲಿ ಕೊರೆದ ಗೂಡು. ವಿಮಾನ ಮಾತ್ರ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಇನ್ನು ಕೆಲವರ ಗ್ಯಾರೇಜಿಗೆ ಕಾಲಿಡಲು ಜಾಗ ಹುಡುಕಬೇಕು, ಆದರೆ ಆ ರಾಶಿಯ ನಡುವಿನಿಂದಲೇ ಅವರು ಒಂದು ವಿಮಾನವನ್ನು ಹೊರಗೆಳೆದು ಹಾರಿಸಿ, ಎರಡನೆಯದಕ್ಕೆ ತಗಡು ತರಿಸಿರುತ್ತಾರೆ. ಅಚ್ಚುಕಟ್ಟಾಗಿರುವವನೇ ಕೆಲಸಗಾರ ಎಂಬ ಶಾಲೆಯ ಪಾಠ ಇಲ್ಲಿ ನೇರವಾಗಿ ಹೊಂದುವುದಿಲ್ಲ. ಹಾಗೆಂದು ಅಚ್ಚುಕಟ್ಟು ಬೇಡವೆಂದೂ ಅಲ್ಲ. ಎರಡನೆಯ ಬಗೆಯವರ ರಾಶಿಯನ್ನು ಸ್ವಲ್ಪ ಹೊತ್ತು ನೋಡಿದರೆ ಅದರೊಳಗೂ ಕೆಲವು ಜಾಗಗಳು ಮಾತ್ರ ಬಹಳ ಕಟ್ಟುನಿಟ್ಟಾಗಿರುವುದು ತಿಳಿಯುತ್ತದೆ. ಎಲ್ಲಿ ಕಟ್ಟುನಿಟ್ಟಾಗಿರಬೇಕು, ಎಲ್ಲಿ ಹೇಗಿದ್ದರೂ ನಡೆಯುತ್ತದೆ ಎಂಬುದನ್ನು ಅವರು ಬಲ್ಲರು. ನಾನು ಯೋಚಿಸಬೇಕೆಂದುಕೊಂಡದ್ದು ಆ ವ್ಯತ್ಯಾಸದ ಬಗ್ಗೆ.

ಜಾಗ ಎಂಬುದು

ನಾನು ಕಟ್ಟುತ್ತಿರುವುದು ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ-7, ಇಬ್ಬರು ಅಕ್ಕಪಕ್ಕ ಕೂರುವ ಅಲ್ಯೂಮಿನಿಯಂ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ 25 ಅಡಿ, ಮೂತಿಯಿಂದ ಬಾಲಕ್ಕೆ ಸುಮಾರು 20 ಅಡಿ. ಆಗ್ನೇಯ ಮಿಷಿಗನ್ನಿನ ನಮ್ಮ ಮನೆಯದು ಎರಡು ಕಾರು ನಿಲ್ಲುವ ಮಾಮೂಲಿ ಗ್ಯಾರೇಜು. ಲೆಕ್ಕ ಹಾಕಿದರೆ ಜೋಡಿಸಿದ ವಿಮಾನ ಅದರೊಳಗೆ ಯಾವ ಕೋನದಲ್ಲಿಟ್ಟರೂ ಹಿಡಿಸುವುದಿಲ್ಲ. ಆದರೆ ಅದನ್ನು ಅಲ್ಲಿ ಜೋಡಿಸುವ ಅಗತ್ಯವೇ ಇಲ್ಲ. ಮೊದಲು ಬಾಲ, ಆಮೇಲೆ ರೆಕ್ಕೆಗಳು, ಆಮೇಲೆ ಒಡಲು ಎಂದು ಬಿಡಿಭಾಗಗಳ ಕಿಟ್ ಕಂತುಗಳಲ್ಲಿ ಬರುತ್ತದೆ. ಒಂದು ಭಾಗ ಮುಗಿದಾಗ ಅದು ಗೋಡೆಗೋ ಅಟ್ಟಕ್ಕೋ ಸೇರಿ ಮುಂದಿನದಕ್ಕೆ ನೆಲ ಬಿಟ್ಟುಕೊಡುತ್ತದೆ. ಹಾಗಾಗಿ ಒಂದೇ ಗ್ಯಾರೇಜು ಮೂರು ನಾಲ್ಕು ಬೇರೆ ಬೇರೆ ಕಾರ್ಯಾಗಾರಗಳಾಗಿ ಬದಲಾಗುತ್ತಾ ಹೋಗುತ್ತದೆ. ಒಮ್ಮೆ ವ್ಯವಸ್ಥೆ ಮಾಡಿಟ್ಟರೆ ಮುಗಿಯಿತು ಎಂದುಕೊಂಡು ಗೋಡೆಗೆ ಭದ್ರವಾಗಿ ಕಪಾಟು ಹೊಡೆಸಿದವರು ರೆಕ್ಕೆಯ ಕಿಟ್ ಬಂದ ದಿನ ಅದನ್ನು ಕಿತ್ತುಹಾಕುವುದನ್ನು ನಾನು ನೋಡಿದ್ದೇನೆ. ನನ್ನ ಗ್ಯಾರೇಜಿನಲ್ಲಿ ಗೋಡೆಗೆ ಅಂಟಿದ್ದು ಉಪಕರಣಗಳ ಹಲಗೆ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಮಾತ್ರ. ಉಳಿದದ್ದೆಲ್ಲ ಚಕ್ರಗಳ ಮೇಲಿದೆ.

ಜಾಗದ ತಾಪತ್ರಯ ಹೊಸದೇನೂ ಅಲ್ಲ. ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಡಿಯರ್‌ಬಾರ್ನಿನ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ಬಯಲು ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ಸೈಕಲ್ ಅಂಗಡಿಯೇ ಇದೆ. ಹೆನ್ರಿ ಫೋರ್ಡ್ 1937ರಲ್ಲಿ ಅದನ್ನು ಒಹಾಯೊದ ಡೇಟನ್ನಿನಿಂದ ಬಿಚ್ಚಿಸಿ ತಂದು ಇಲ್ಲಿ ನಿಲ್ಲಿಸಿದ. ಊರಿನಿಂದ ಯಾರೇ ಬಂದರೂ ನಾನು ಅವರನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತೇನೆ. ಒಮ್ಮೆ ಅತ್ತೆ ಮಾವ ಬಂದಿದ್ದಾಗ ಹಿಂದಿನ ಕೋಣೆಯ ಯಂತ್ರಗಳನ್ನು ನೋಡುತ್ತಾ ನಿಂತುಬಿಟ್ಟೆವು. ಒಂದು ಲೇತ್, ಒಂದು ಡ್ರಿಲ್ ಪ್ರೆಸ್, ಮೇಲೆ ಛಾವಣಿಯ ಕೆಳಗೆ ಓಡುವ ಶಾಫ್ಟು, ಅದರಿಂದ ಇಳಿಯುವ ಚರ್ಮದ ಬೆಲ್ಟುಗಳು. 1903ರ ವಿಮಾನದ ಎಂಜಿನ್ನನ್ನು ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಇಷ್ಟರಲ್ಲಿಯೇ ಆರು ವಾರಗಳಲ್ಲಿ ಮಾಡಿದ. ಮಾವನವರು, ‘ಇಷ್ಟೇನಾ?’ ಎಂದರು. ಇಷ್ಟೇ. ವಿಮಾನದ ನಡುಭಾಗವನ್ನು ಜೋಡಿಸಿದಾಗ ಅದು ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವಿನ ದಾರಿಯನ್ನು ಮುಚ್ಚಿಬಿಟ್ಟಿತಂತೆ. ಸೈಕಲ್ ಗಿರಾಕಿ ಬಂದರೆ ಅಣ್ಣತಮ್ಮಂದಿರು ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ ಸುತ್ತು ಹಾಕಿಕೊಂಡು ಮುಂದಿನ ಕೋಣೆಗೆ ಬರಬೇಕಾಗಿತ್ತು ಎಂದು ಟೇಲರ್ ಆಮೇಲೆ ನೆನಪಿಸಿಕೊಂಡಿದ್ದಾನೆ. ಇಡೀ ವಿಮಾನವನ್ನು ಅವರು ಡೇಟನ್ನಿನಲ್ಲಿ ಜೋಡಿಸಲೇ ಇಲ್ಲ, ಅದನ್ನು ಹಾರಿಸಿದ ಕಡಲತೀರದ ಊರು ಕಿಟ್ಟಿ ಹಾಕಿನ ಮರಳಿನ ಮೇಲೆಯೇ ಮೊದಲು ಜೋಡಿಸಿದ್ದು. ವಾಷಿಂಗ್ ಮೆಷಿನ್ನಿಗೆ ಹೋಗುವ ದಾರಿಯಲ್ಲಿ ರೆಕ್ಕೆ ಅಡ್ಡ ಬರುತ್ತದೆ ಎಂದು ಮನೆಯಲ್ಲಿ ಮಾತು ಬಂದಾಗ ನಾನು ಈ ಕತೆಯನ್ನು ಹೇಳುತ್ತೇನೆ. ಹೆಂಡತಿಗೆ ಅದು ಬಾಯಿಪಾಠವಾಗಿದೆ, ಪರಿಣಾಮವೇನೂ ಇಲ್ಲ.

ಮೇಜುಗಳ ವಿಷಯ ಸಣ್ಣದು, ಆದರೂ ಹೇಳಬೇಕು. ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ 1953ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದ, ನನ್ನಂತೆ ವಿಮಾನ ಕಟ್ಟುವ ಹವ್ಯಾಸಿಗಳ ಸಂಸ್ಥೆ. ಅದರ ಒಂದು ಶಾಖೆಯವರು ರೂಪಿಸಿದ ಮೇಜಿನ ನಕ್ಷೆಯೊಂದು ಈ ದೇಶದ ಅಸಂಖ್ಯ ಗ್ಯಾರೇಜುಗಳಲ್ಲಿ ಕಾಣಸಿಗುತ್ತದೆ. 5 ಅಡಿ ಉದ್ದ, 2 ಅಡಿ ಅಗಲ, ಮಾಮೂಲಿ ಮರದ ಪಟ್ಟಿ, ಮೇಲೊಂದು ನುಣುಪು ಹಲಗೆ. ಅಗಲ ಎರಡೇ ಅಡಿ ಏಕೆ ಎಂದು ಮೊದಲು ಅನ್ನಿಸುತ್ತದೆ. ಕೆಲಸಕ್ಕೆ ನಿಂತ ಮೇಲೆ ಗೊತ್ತಾಗುತ್ತದೆ: ಅದಕ್ಕಿಂತ ಅಗಲವಾದ ಮೇಜಿನ ನಡುವೆ ಏನಾದರೊಂದು ಬೀಡುಬಿಟ್ಟು ಕೂತುಬಿಡುತ್ತದೆ. ಎರಡು ಮೇಜುಗಳನ್ನು ಸೇರಿಸಿದರೆ ರೆಕ್ಕೆಯ ತಗಡಿಗೆ ಸಾಕು, ಬೇರ್ಪಡಿಸಿದರೆ ಇಬ್ಬರು ಎರಡು ಕೆಲಸ ಮಾಡಬಹುದು. ಸಮತಟ್ಟಾಗಿರುವುದು ಮಾತ್ರ ಮುಖ್ಯ. ಬಾಲದ ಅಡ್ಡರೆಕ್ಕೆಯನ್ನು ತಿರುಚಿದ ಮೇಜಿನ ಮೇಲೆ ಜೋಡಿಸಿದರೆ ಆ ತಿರುಚು ರಿವೆಟ್ಟಿನೊಂದಿಗೆ ಅಲ್ಲೇ ಉಳಿಯುತ್ತದೆ.

ಪೀಣ್ಯದ ಶೆಡ್ಡು

ನನ್ನ ಸೋದರಮಾವನಿಗೆ ಪೀಣ್ಯದಲ್ಲಿ ಒಂದು ಶೆಡ್ಡಿತ್ತು. ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್, ಮೂರು ಜನ ಹುಡುಗರು. ದೊಡ್ಡ ಕಾರ್ಖಾನೆಗಳಿಗೆ ಬುಷ್ಷು, ಪಿನ್ನು ಕಡೆದುಕೊಡುವ ಜಾಬ್ ವರ್ಕ್. ಬೇಸಿಗೆ ರಜೆಯಲ್ಲಿ ಮನೆಯಲ್ಲಿ ಕಾಟ ಕೊಡುತ್ತೇನೆಂದು ಅಮ್ಮ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದಳು. ಅಲ್ಲಿ ನನಗೆ ಯಂತ್ರ ಮುಟ್ಟಲು ಬಿಡುತ್ತಿರಲಿಲ್ಲ. ಕೊಡುತ್ತಿದ್ದ ಕೆಲಸ ಒಂದೇ, ಹಾರ್ಲಿಕ್ಸ್ ಬಾಟಲಿಗಳಲ್ಲಿದ್ದ ನಟ್ಟು ಬೋಲ್ಟುಗಳನ್ನು ಬೇರೆ ಮಾಡುವುದು. ಇಂಚಿನ ಅಳತೆಯವೂ ಮಿಲಿಮೀಟರಿನವೂ ಕಲೆತುಹೋಗಿರುತ್ತಿದ್ದವು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಬೋಲ್ಟುಗಳನ್ನು ಗೇಜಿನಲ್ಲಿ ಹಿಡಿದು ನೋಡಿ ಬೇರೆ ಬೇರೆ ಬಾಟಲಿಗೆ ಹಾಕುತ್ತಾ ಕೂತಿರುವುದು ಹನ್ನೆರಡು ವರ್ಷದ ಹುಡುಗನಿಗೆ ಎಂಥ ಶಿಕ್ಷೆ ಎಂದು ಬೇರೆ ಹೇಳಬೇಕಾಗಿಲ್ಲ. ಸಂಜೆ ಐದೂವರೆಗೆ ಮಾವ ಯಂತ್ರಗಳನ್ನು ನಿಲ್ಲಿಸಿಬಿಡುತ್ತಿದ್ದ. ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದರೂ ಸರಿಯೆ. ಆಮೇಲಿನ ಅರ್ಧ ಗಂಟೆ ಹುಡುಗರು ಲೇತಿನ ಬೆಡ್ಡಿನಿಂದ ಸುರುಳಿ ಚೂರುಗಳನ್ನು ಕೊಕ್ಕೆಯಿಂದ ಎಳೆದು, ಕಾಟನ್ ವೇಸ್ಟಿನಿಂದ ಒರೆಸಿ, ಎಣ್ಣೆ ಹಚ್ಚಿ, ಗೋಡೆಯ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ ಆಕಾರಗಳ ಮೇಲೆ ಆಯಾ ಉಪಕರಣವನ್ನು ನೇತುಹಾಕಬೇಕು. ಕೊನೆಗೆ ಮಾವ ಬಂದು ಹಲಗೆಯ ಮುಂದೆ ನಿಲ್ಲುತ್ತಿದ್ದ. ಯಾವುದಾದರೂ ಕೆಂಪು ಆಕಾರ ಖಾಲಿ ಕಂಡರೆ ಯಾರೂ ಮನೆಗೆ ಹೋಗುವಂತಿಲ್ಲ.

ಒಂದು ಸಂಜೆ ಆ ಹಲಗೆಯಲ್ಲಿ ಲೇತಿನ ಚಕ್ ಕೀ, ಅಂದರೆ ಕಡೆಯುವ ಲೋಹವನ್ನು ಹಿಡಿದು ತಿರುಗುವ ಚಕ್ಕನ್ನು ಬಿಗಿಮಾಡುವ ಕೀಲಿ, ಇರಲಿಲ್ಲ. ಹುಡುಗರು ನೆಲವೆಲ್ಲ ಹುಡುಕಿದರು, ಬಕೆಟ್ಟಿನ ಚೂರುಗಳನ್ನು ಸುರಿದು ಕೆದಕಿದರು. ನನಗೆ ಏಳೂವರೆಯ ಬಸ್ಸು ತಪ್ಪುತ್ತದೆಂಬ ಚಿಂತೆ. ‘ಮಾವ, ನಾಳೆ ಹುಡುಕಿದರೆ ಆಗಲ್ವಾ?’ ಎಂದೆ. ಮಾವ ಬೈಯಲಿಲ್ಲ. ‘ಲೋ, ಅದು ಕಳೆದುಹೋಗಿದ್ರೆ ನಾಳೆ ಹುಡುಕಬಹುದಪ್ಪಾ. ಚಕ್ಕಲ್ಲೇ ಇದ್ದು, ನಾಳೆ ಯಾರೋ ಸ್ವಿಚ್ ಹಾಕಿದ್ರೆ?’ ಎಂದ. ಕೀಲಿ ಕೊನೆಗೆ ಸಿಕ್ಕಿದ್ದು ಹುಡುಗನೊಬ್ಬನ ನೇತುಹಾಕಿದ್ದ ಅಂಗಿಯ ಜೇಬಿನಲ್ಲಿ. ತಿರುಗುವ ಚಕ್ಕಿನಿಂದ ಸಿಡಿದ ಕೀಲಿ ಏನು ಮಾಡಬಲ್ಲದು ಎಂಬುದನ್ನು ನಾನು ಆಮೇಲೆ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಕೇಳಿ ತಿಳಿದೆ. ಆದರೆ ಮಾವನ ಮಾತಿನಲ್ಲಿ ಇದ್ದದ್ದು ಸುರಕ್ಷತೆಯ ಉಪದೇಶಕ್ಕಿಂತ ಹೆಚ್ಚಿನದು. ಒಂದು ವಸ್ತು ಎಲ್ಲಿದೆ ಎಂದು ಗೊತ್ತಿರುವುದು ಒಂದು ವಿಷಯ, ಎಲ್ಲಿ ಇರಬಾರದೋ ಅಲ್ಲಿ ಇಲ್ಲ ಎಂದು ಖಚಿತವಾಗಿ ಗೊತ್ತಿರುವುದು ಇನ್ನೊಂದು. ಆ ಕೆಂಪು ಆಕಾರಗಳು ಮಾವನಿಗೆ ಹೇಳುತ್ತಿದ್ದದ್ದು ಎರಡನೆಯದನ್ನು. ವಿಮಾನ ಕಾರ್ಖಾನೆಗಳಲ್ಲಿ ಇದೇ ಪದ್ಧತಿ ಇನ್ನೂ ಕಟ್ಟುನಿಟ್ಟಾಗಿ ನಡೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. ಆ ಬಗ್ಗೆ ನಾವು ಮಾತಾಡಿದ್ದಿಲ್ಲ.

ಮೂವರ ಕೆಲಸ ಒಬ್ಬನಿಗೆ

ಕಾರ್ಖಾನೆಯಲ್ಲಿ ಸಾಮಾನು ಕೊಡುವವನು ಸ್ಟೋರ್ ಕೀಪರ್, ಕೆಲಸ ಮಾಡುವವನು ಫಿಟ್ಟರ್, ಆದದ್ದನ್ನು ನೋಡಿ ಸಹಿ ಹಾಕುವವನು ಇನ್‌ಸ್ಪೆಕ್ಟರ್. ಒಬ್ಬನ ಕಣ್ಣು ತಪ್ಪಿದ್ದು ಇನ್ನೊಬ್ಬನಿಗೆ ಕಾಣುತ್ತದೆ. ಮನೆಯಲ್ಲಿ ವಿಮಾನ ಕಟ್ಟುವವನು ಈ ಮೂರೂ ಆಗಿರುತ್ತಾನೆ, ಅದೂ ದಿನದ ಕೆಲಸ ಮುಗಿಸಿ ಬಂದ ಮೇಲೆ. ಒಂದೇ ತಲೆಯೊಳಗೆ ಮೂವರು ಇದ್ದರೆ ಅವರು ಬಹಳ ಬೇಗ ಹೊಂದಾಣಿಕೆ ಮಾಡಿಕೊಂಡುಬಿಡುತ್ತಾರೆ. ಅವರನ್ನು ಬೇರೆಯಾಗಿ ಇಡುವ ಸಾಧನ ನನಗೆ ಗೊತ್ತಿರುವಂತೆ ಒಂದೇ: ಸಾಮಾನುಗಳ ವ್ಯವಸ್ಥೆ.

ರಿವೆಟ್ಟನ್ನೇ ತೆಗೆದುಕೊಳ್ಳಿ. ಈ ವಿಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್ಟುಗಳಿವೆ. ಎಎನ್ 426 ಎಡಿ 3-3 ಎಂದರೆ ತಲೆ ತಗಡಿನ ಮಟ್ಟಕ್ಕೆ ಕೂರುವ, 3/32 ಇಂಚು ದಪ್ಪದ, 3/16 ಇಂಚು ಉದ್ದದ ರಿವೆಟ್. 3-3.5 ಎಂದರೆ ಅದೇ ದಪ್ಪ, ಉದ್ದ ಮಾತ್ರ ಒಂದಿಂಚಿನ ಮೂವತ್ತೆರಡನೇ ಒಂದು ಭಾಗದಷ್ಟು ಜಾಸ್ತಿ. ಮಿಲಿಮೀಟರಿನಲ್ಲಿ ಹೇಳಿದರೆ ಒಂದಕ್ಕೂ ಕಡಿಮೆ. ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಎರಡೂ ಸಾಸಿವೆ ಕಾಳುಗಳಂತೆ ಒಂದೇ. ಆದರೆ ಬಡಿದ ಮೇಲೆ ಹಿಂಬದಿಯಲ್ಲಿ ಮೂಡುವ ಗುಂಡಿಯ ಅಗಲ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. ರಿವೆಟ್ ಗಿಡ್ಡವಾದರೆ ಅಷ್ಟು ಲೋಹ ಅಲ್ಲಿರುವುದಿಲ್ಲ, ಉದ್ದವಾದರೆ ಅದು ಒಂದು ಪಕ್ಕಕ್ಕೆ ಬಾಗಿ ಮಲಗುತ್ತದೆ. ಹಾಗಾಗಿ ಡಬ್ಬಿಯ ಮೇಲಿನ ಚೀಟಿ ನನ್ನ ಗ್ಯಾರೇಜಿನ ಅತ್ಯಂತ ಮುಖ್ಯ ದಾಖಲೆ. ನಿಯಮ ಸರಳ: ಒಮ್ಮೆಗೆ ಒಂದೇ ಡಬ್ಬಿ ತೆರೆಯುವುದು, ಆ ಸಾಲಿಗೆ ಬೇಕಾದಷ್ಟನ್ನು ಸಣ್ಣ ತಟ್ಟೆಗೆ ಸುರಿದುಕೊಂಡು ಡಬ್ಬಿಯನ್ನು ಮುಚ್ಚಿ ಕಪಾಟಿಗೆ ಇಡುವುದು, ನೆಲಕ್ಕೆ ಬಿದ್ದದ್ದು ಯಾವ ಡಬ್ಬಿಯದೆಂದು ಎಷ್ಟೇ ಖಾತ್ರಿಯಿದ್ದರೂ ವಾಪಸು ಹಾಕದೆ ಕಸಕ್ಕೆ ಹಾಕುವುದು. ಕೊನೆಯ ನಿಯಮ ನಮ್ಮಂಥ ಮಧ್ಯಮ ವರ್ಗದ ಮನೆಗಳಲ್ಲಿ ಬೆಳೆದವರಿಗೆ ಬಹಳ ಕಷ್ಟ. ರಿವೆಟ್ಟಿಗೆ ಕೆಲವು ಪೈಸೆ ಬೆಲೆಯೆಂದು ಗೊತ್ತಿದ್ದರೂ ಕೈ ಬಗ್ಗಿ ಹೆಕ್ಕಲು ಹೋಗುತ್ತದೆ.

ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕ್ಲೀಕೋಗಳ ವಿಷಯದಲ್ಲಿ ತಯಾರಕರೇ ಉಪಕಾರ ಮಾಡಿದ್ದಾರೆ. 3/32 ಇಂಚಿನವಕ್ಕೆ ಬೆಳ್ಳಿ ಬಣ್ಣ, 1/8 ಇಂಚಿನವಕ್ಕೆ ತಾಮ್ರದ ಬಣ್ಣ. ಅವಕ್ಕೆ ಚೀಟಿ ಬೇಕಿಲ್ಲ, ಎರಡು ಬಕೆಟ್ಟು ಸಾಕು. ಇಂಥ ಕಡೆಯೂ ಹಲಗೆ, ಗೂಡು, ಸಾಲು ಎಂದು ಕೂರುವುದು ನನ್ನ ಪ್ರಕಾರ ಶುದ್ಧ ಕಾಲಹರಣ. ಬಣ್ಣವೇ ಮಾತಾಡುವಲ್ಲಿ ವ್ಯವಸ್ಥೆ ಮಾತಾಡಬೇಕಾಗಿಲ್ಲ.

ರೆಕ್ಕೆಯ ಕೆಳಗಿನ ತಗಡನ್ನು ಮುಚ್ಚುವ ಮೊದಲು ಅಸೋಸಿಯೇಷನ್ನಿನ ಟೆಕ್ನಿಕಲ್ ಕೌನ್ಸೆಲರ್ ಒಬ್ಬರನ್ನು ಕರೆದಿದ್ದೆ. ಇವರು ಸ್ವಯಂಸೇವಕರು, ತಾವೇ ವಿಮಾನ ಕಟ್ಟಿ ಪಳಗಿದವರು, ಕರೆದರೆ ಪುಕ್ಕಟೆಯಾಗಿ ಬಂದು ನೋಡಿ ಹೇಳುತ್ತಾರೆ. ನಾನು ರೆಕ್ಕೆಯ ಮೇಲಿನ ಹೊದಿಕೆಯನ್ನು ತೆಗೆದು, ಟಾರ್ಚು, ಕನ್ನಡಿ, ಗೇಜು ಎಲ್ಲವನ್ನೂ ಸಾಲಾಗಿಟ್ಟು ಕಾದಿದ್ದೆ. ಎಪ್ಪತ್ತು ದಾಟಿದ ಆ ಹಿರಿಯರು ಬಂದವರು ರೆಕ್ಕೆಯ ಕಡೆ ನೋಡದೆ ಮೇಜಿನ ಕೆಳಗೆ ಬಗ್ಗಿ ನೋಡಿದರು, ಕಸದ ಬುಟ್ಟಿಯೊಳಗೆ ಇಣುಕಿದರು, ಆಮೇಲೆ ಬಿಚ್ಚಿದ ರಿವೆಟ್ಟುಗಳನ್ನು ಎಲ್ಲಿಡುತ್ತೀರಿ ಎಂದು ಕೇಳಿದರು. ಸರಿಯಾಗಿ ಕೂರದ ರಿವೆಟ್ಟನ್ನು ಬಿಚ್ಚುವಾಗ ತಲೆಯ ನಡುವೆ ಕೊರೆದು ತಲೆಯನ್ನು ಎಗರಿಸಿ, ಉಳಿದ ಕಾಂಡವನ್ನು ಪಂಚಿನಿಂದ ತಟ್ಟಿ ಒಳಕ್ಕೆ ಬೀಳಿಸಬೇಕು. ಹಾಗಾಗಿ ಒಂದೊಂದು ರಿವೆಟ್ಟಿಗೂ ಎರಡು ತುಂಡಾಗುತ್ತದೆ, ಎರಡನೆಯದು ರೆಕ್ಕೆಯ ಒಳಗೆ ಬೀಳುತ್ತದೆ. ನಾನು ಕಪಾಟಿನಿಂದ ಉಪ್ಪಿನಕಾಯಿ ಬಾಟಲಿಯೊಂದನ್ನು ತೆಗೆದು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ, ತಲೆ ಎಷ್ಟಿವೆಯೋ ಬಾಲವೂ ಅಷ್ಟೇ ಇವೆಯೇ ಎಂದು ಕೇಳಿದರು. ಇವೆ ಎಂದೆ. ಆಮೇಲೆಯೇ ಕನ್ನಡಕ ಬದಲಿಸಿಕೊಂಡು ರೆಕ್ಕೆಯ ಹತ್ತಿರ ಹೋದದ್ದು.

ಚಹಾ ಕುಡಿಯುವಾಗ ಅವರು ಕಾರಣ ಹೇಳಿದರು. ರಿವೆಟ್ ಚೆನ್ನಾಗಿದೆಯೇ ಎಂಬುದನ್ನು ಇವತ್ತಲ್ಲದಿದ್ದರೆ ನಾಳೆ ಯಾರಾದರೂ ನೋಡಬಹುದು. ಆದರೆ ರೆಕ್ಕೆ ಮುಚ್ಚಿದ ಮೇಲೆ ಒಳಗೆ ಏನು ಉಳಿದಿದೆ ಎಂಬುದಕ್ಕೆ ಸಾಕ್ಷಿ ಹೊರಗಿನ ಗ್ಯಾರೇಜು ಮಾತ್ರ. ರೆಕ್ಕೆಯೊಳಗೆ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಏಲರಾನ್‌ಗಳನ್ನು ಆಡಿಸುವ ಬೆಲ್‌ಕ್ರ್ಯಾಂಕ್ ಎಂಬ ಸನ್ನೆ ಇದೆ, ಅದಕ್ಕೆ ಜೋಡಿಸಿದ ಸರಳುಗಳಿವೆ. ವಿಮಾನ ನೆಲದ ಮೇಲಿರುವಾಗ ಸುಮ್ಮನೆ ಮಲಗಿರುವ ತುಂಡು ಹಾರುವಾಗಿನ ಗಾಳಿಯ ಕುಲುಕಾಟದಲ್ಲಿ ಎಲ್ಲಿಗೆ ಬೇಕಾದರೂ ಹೋದೀತು. ಪೀಣ್ಯದ ಚಕ್ ಕೀಯನ್ನು ಅವರಿಗೆ ವಿವರಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಆದರೆ ವಿವರಿಸಿದೆ.

ಅಲ್ಯೂಮಿನಿಯಂಗೆ ಆಗಿಬರದವು

ಗುಡಿಸುವುದರ ವಿಷಯಕ್ಕೆ ಬರುತ್ತೇನೆ. ವಿಮಾನದ ಹೊರತಗಡು 2024-ಟಿ3 ಎಂಬ ಮಿಶ್ರಲೋಹ. ಬಲ ಅದರದು, ಆದರೆ ಅದಕ್ಕೆ ತುಕ್ಕಿನಂಥ ಸವೆತ ಬೇಗ ಹಿಡಿಯುತ್ತದೆ. ಅದನ್ನು ತಡೆಯಲು ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ಬಹಳ ತೆಳುವಾದ ಪದರವನ್ನು ಹೊದಿಸಿರುತ್ತಾರೆ. ಇಡೀ ತಗಡಿನ ದಪ್ಪವೇ ಒಂದು ಮಿಲಿಮೀಟರಿಗಿಂತ ಕಡಿಮೆ ಎಂದ ಮೇಲೆ ಆ ಪದರ ಎಷ್ಟಿರಬಹುದು ಎಂದು ಊಹಿಸಿ. ಡ್ರಿಲ್ ಮಾಡಿದಾಗ ಬಿದ್ದ ಚೂರೊಂದು ಮೇಜಿನ ಮೇಲಿದ್ದು, ಅದರ ಮೇಲೆ ತಗಡನ್ನು ಎಳೆದರೆ ಅಷ್ಟು ಸಾಕು, ಉಗುರಿಗೆ ತಾಕುವಂಥ ಗೀರು. ಹಾಗಾಗಿ ಇಲ್ಲಿ ಪೊರಕೆ ಸ್ವಚ್ಛತೆಯ ಸಾಮಾನಲ್ಲ, ಡ್ರಿಲ್ ಮತ್ತು ರಿವೆಟ್ ಗನ್ನಿನ ಸಾಲಿನಲ್ಲಿಯೇ ನಿಲ್ಲುವ ಉಪಕರಣ. ಕಬ್ಬಿಣದ ಕೆಲಸ ಮಾಡಿ ಬಂದವರು ಅಯಸ್ಕಾಂತ ಎಳೆದರೆ ಮುಗಿಯಿತು ಎಂದುಕೊಳ್ಳುತ್ತಾರೆ; ಅಲ್ಯೂಮಿನಿಯಂ ಅದಕ್ಕೆ ಜಗ್ಗುವುದಿಲ್ಲ. ಕಂಪ್ರೆಸರಿನ ಗಾಳಿ ಊದಿ ಚೂರು ಹಾರಿಸುವುದು ಇನ್ನೂ ಕೆಟ್ಟದ್ದು, ಅವು ಹೋಗಿ ತಗಡುಗಳ ಸಂದಿಗೆ ಸೇರುತ್ತವೆ, ಇಲ್ಲವೇ ಕಣ್ಣಿಗೆ. ಮೃದು ಬ್ರಷ್ ಮತ್ತು ವ್ಯಾಕ್ಯೂಮ್ ಎರಡೇ ದಾರಿ.

ಇನ್ನು ಜಾತಿ ಬೇಧ ಮಾಡಲೇಬೇಕಾದ ಜಾಗ ಗ್ಯಾರೇಜಿನಲ್ಲಿ ಒಂದಿದೆ. ಉಕ್ಕನ್ನು ಉಜ್ಜಿದ ಅರದಿಂದ, ಉಕ್ಕಿಗೆ ಬಳಸಿದ ತಂತಿ ಬ್ರಷ್ಷಿನಿಂದ ಅಲ್ಯೂಮಿನಿಯಂ ಮುಟ್ಟಬಾರದು. ಉಕ್ಕಿನ ಕಣಗಳು ಮೆತ್ತನೆಯ ಲೋಹದೊಳಗೆ ಹೂತುಕೊಂಡು, ತೇವ ಸೇರಿದೊಡನೆ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟಿ ಅಲ್ಯೂಮಿನಿಯಂ ಕರಗತೊಡಗುತ್ತದೆ. ಅದೇ ಕಾರಣಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕುವಂತಿಲ್ಲ, ಗ್ರಾಫೈಟ್ ಕೂಡ ಹಾಗೆಯೇ ಮಾಡುತ್ತದೆ. ನನ್ನ ಅಲ್ಯೂಮಿನಿಯಂನ ಅರಗಳ ಹಿಡಿಗೆ ನೀಲಿ ಟೇಪು, ಉಕ್ಕಿನವಕ್ಕೆ ಕೆಂಪು ಟೇಪು, ಎರಡೂ ಬೇರೆ ಡ್ರಾಯರ್. ಮಕ್ಕಳ ಪೆನ್ಸಿಲ್ ಡಬ್ಬಿಗೆ ಗ್ಯಾರೇಜಿನ ಒಳಗೆ ಪ್ರವೇಶವಿಲ್ಲ.

ಆಯುಧ ಪೂಜೆಯ ದಿನ ಇದರಿಂದ ಒಂದು ಸಣ್ಣ ವ್ಯಾಜ್ಯ ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಕಾರುಗಳ ಜೊತೆ ಗ್ಯಾರೇಜಿನ ಉಪಕರಣಗಳಿಗೂ ಪೂಜೆ. ಹೆಂಡತಿಗೆ ವಿಮಾನಕ್ಕೇ ಅರಿಶಿನ ಕುಂಕುಮ ಹಚ್ಚಬೇಕೆಂದು ಆಸೆ, ಅದರಲ್ಲಿ ಅವಳ ಹಕ್ಕೂ ಇದೆ. ರೆಕ್ಕೆಯ ತಗಡು ಬಡಿಯುವಾಗ ರಿವೆಟ್ಟಿನ ಹಿಂಬದಿಗೆ ಬಕಿಂಗ್ ಬಾರ್ ಎಂಬ ಲೋಹದ ಗಟ್ಟಿಯನ್ನು ಒತ್ತಿ ಹಿಡಿದು ಕೂತವಳು ಅವಳೇ. ಆದರೆ ಪ್ರೈಮರ್ ಬಳಿಯದ ತಗಡಿನ ಮೇಲೆ ಒದ್ದೆ ಕುಂಕುಮ, ಹುಳಿಯ ನಿಂಬೆಹಣ್ಣು ಎಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಪ್ಪಂದವೆಂದರೆ ಕುಂಕುಮ ಕಂಪ್ರೆಸರಿಗೆ, ವೈಸಿಗೆ ಮತ್ತು ಮೇಜಿನ ಕಾಲುಗಳಿಗೆ. ವಿಮಾನಕ್ಕೆ ಹೂವು ಮಾತ್ರ, ಅದೂ ಸಂಜೆಯೊಳಗೆ ತೆಗೆಯಬೇಕು. ಕುಂಬಳಕಾಯಿ ಒಡೆಯುವುದು ಡ್ರೈವ್‌ವೇಯಲ್ಲಿ. ಮಾವನ ಶೆಡ್ಡಿನಲ್ಲಿ ಆಯುಧ ಪೂಜೆಯ ಹಿಂದಿನ ದಿನ ವಿಶೇಷವಾಗಿ ತೊಳೆಯುವುದೇನೂ ಇರುತ್ತಿರಲಿಲ್ಲ ಎಂಬುದು ನೆನಪಾಗುತ್ತದೆ. ಅಕ್ಕಪಕ್ಕದ ಶೆಡ್ಡುಗಳವರು ವರ್ಷದ ಜಿಡ್ಡನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಿರುವಾಗ ಅವನ ಹುಡುಗರು ಮಾವಿನ ತೋರಣ ಕಟ್ಟುತ್ತಾ ನಿಂತಿರುತ್ತಿದ್ದರು.

ಮುಕ್ಕಾಲು ಗಂಟೆಯ ಸಂಜೆಗಳು

ನನ್ನ ಸಂಶಯಕ್ಕೆ ಉತ್ತರ ಸಿಕ್ಕಿದ್ದರೆ ಅದು ಸಮಯದ ಲೆಕ್ಕದಲ್ಲಿ. ಕೆಲಸಕ್ಕೆ ಹೋಗುವವನು, ಮಕ್ಕಳಿರುವವನು ಕಟ್ಟುವ ವಿಮಾನಕ್ಕೆ ಸಿಗುವುದು ವಾರದ ದಿನಗಳಲ್ಲಿ ಮುಕ್ಕಾಲು ಗಂಟೆ, ಶನಿವಾರ ಭಾನುವಾರ ಸ್ವಲ್ಪ ಹೆಚ್ಚು. ಎರಡು ಸಂಜೆಗಳ ನಡುವೆ ಒಂದು ವಾರ, ಕೆಲವೊಮ್ಮೆ ಊರಿಗೆ ಹೋಗಿಬಂದರೆ ಒಂದು ತಿಂಗಳು. ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದ್ದೆ, ಈ ಸಾಲಿನ ರಂಧ್ರಗಳ ಅಂಚನ್ನು ಉಜ್ಜಿಯಾಗಿದೆಯೋ ಇಲ್ಲವೋ, ಈ ಬೋಲ್ಟನ್ನು ಟಾರ್ಕ್ ಮಾಡಿದ್ದೇನೋ, ಅಂದರೆ ಅಳತೆಯ ಪ್ರಕಾರ ಬಿಗಿಮಾಡಿದ್ದೇನೋ, ಅಥವಾ ಕೈಯಲ್ಲಿ ಬಿಗಿಮಾಡಿ ಬಿಟ್ಟಿದ್ದೇನೋ ಎಂದು ನೆನಪಿಸಿಕೊಳ್ಳುವುದರಲ್ಲಿಯೇ ಅರ್ಧ ಹೊತ್ತು ಕಳೆದರೆ ಉಳಿಯುವುದೇನು? ನೆನಪಿನ ಮೇಲೆ ಭಾರ ಹಾಕುವುದಂತೂ ಅಪಾಯ. ಎಎನ್3 ಎಂಬ ಅಳತೆಯ ಬೋಲ್ಟಿಗೆ 20ರಿಂದ 25 ಇಂಚು ಪೌಂಡ್ ಬಿಗಿತ ಎಂದು ಪುಸ್ತಕ ಹೇಳುತ್ತದೆ, ಬಿಗಿಮಾಡಿದ್ದೇನೆ ಎಂದು ಮನಸ್ಸು ಹೇಳುತ್ತದೆ, ಆದರೆ ನಟ್ಟಿನ ಮೇಲೆ ಎಳೆದ ಕಿತ್ತಳೆ ಬಣ್ಣದ ಗೆರೆ ಇದ್ದರೆ ಮಾತ್ರ ನಂಬುವುದು. ಗೆರೆಯಿಲ್ಲದ ಬೋಲ್ಟ್ ಬಿಗಿಯಾಗದ ಬೋಲ್ಟ್.

ಹೀಗೆ ನೋಡಿದಾಗ ಕಾರ್ಯಾಗಾರದ ವ್ಯವಸ್ಥೆ ಎಂದರೆ ತಲೆಯಿಂದ ಹೊರಗೆ ಇಟ್ಟ ನೆನಪು. ನನ್ನ ಪ್ರತಿ ಸಂಜೆಯ ಕೊನೆಯ ಹತ್ತು ನಿಮಿಷ ಮುಂದಿನ ಸಂಜೆಗೆ ಬೇಕಾದದ್ದನ್ನು ಹೊಂದಿಸಿಡಲು ಮೀಸಲು. ನಕ್ಷೆಯ ಆ ಪುಟ ತೆರೆದಿರಬೇಕು, ಮಾಡಿದ ಹೆಜ್ಜೆಗೆ ತಾರೀಕು ಸಮೇತ ಗುರುತು ಇರಬೇಕು, ಮುಂದಿನ ಹೆಜ್ಜೆಯ ಭಾಗಗಳು ಅವುಗಳ ನಂಬರ್ ಮೇಲೆ ಬರುವಂತೆ ಒಂದು ತಟ್ಟೆಯಲ್ಲಿರಬೇಕು. ಜೊತೆಗೆ ಗದ್ದಲದ ಕೆಲಸ, ಸದ್ದಿಲ್ಲದ ಕೆಲಸ ಎಂದು ಎರಡು ಪಟ್ಟಿ. ಮಕ್ಕಳು ಮಲಗಿದ ಮೇಲೆ ರಿವೆಟ್ ಗನ್ ಹಿಡಿಯುವಂತಿಲ್ಲ, ಎದುರು ಮನೆಯ ಮೇಷ್ಟರೂ ಒಪ್ಪುವುದಿಲ್ಲ. ಆದರೆ ರಿವೆಟ್ಟನ್ನು ಬಡಿಯದೆ ಕೈಯಿಂದ ಒತ್ತುವ ಸ್ಕ್ವೀಝರ್ ಬಳಸಬಹುದು, ಅಂಚು ಉಜ್ಜಬಹುದು, ಭಾಗಗಳಿಗೆ ನಂಬರ್ ಬರೆಯಬಹುದು. ಇಲ್ಲಿಯ ಚಳಿಗಾಲಕ್ಕೆ ಇನ್ನೊಂದು ಪಟ್ಟಿಯೇ ಬೇಕು. ಇಂಧನ ಟ್ಯಾಂಕು ಸೋರದಂತೆ ಹಚ್ಚುವ ಪಾಲಿಸಲ್ಫೈಡ್ ಸೀಲಂಟಿಗೆ ಅದನ್ನು ಗಟ್ಟಿಮಾಡುವ ದ್ರವ್ಯವನ್ನು ತೂಕದಲ್ಲಿ ಹತ್ತಕ್ಕೆ ಒಂದರಂತೆ ಕಲೆಸಬೇಕು, ಅದು ಗಟ್ಟಿಯಾಗಲು ಬೆಚ್ಚಗಿನ ಗಾಳಿ ಬೇಕು. ಜನವರಿಯ ಗ್ಯಾರೇಜಿನಲ್ಲಿ ಅದು ದಿನಗಟ್ಟಲೆ ಅಂಟಾಗಿಯೇ ಕೂರುತ್ತದೆ, ಕೈಗೆ, ಬಾಗಿಲ ಹಿಡಿಗೆ, ಕೊನೆಗೆ ಅಡುಗೆಮನೆಯ ನಲ್ಲಿಗೂ ಅಂಟುತ್ತದೆ. ಅದನ್ನು ಬೇಸಿಗೆಗೆ ಬಿಟ್ಟದ್ದರಿಂದ ನಮ್ಮ ಸಂಸಾರಕ್ಕೂ ಒಳ್ಳೆಯದೇ ಆಯಿತು.

ಈ ದಾಖಲೆಗಳಿಗೆ ಕಾನೂನಿನ ಕಡೆಯಿಂದಲೂ ಬೆಲೆಯಿದೆ. ಇಂಥ ವಿಮಾನದ ಬಹುಪಾಲನ್ನು ಕಲಿಕೆಗಾಗಿ ಅಥವಾ ಹವ್ಯಾಸಕ್ಕಾಗಿ ಹವ್ಯಾಸಿಗಳೇ ತಯಾರಿಸಿ ಜೋಡಿಸಿರಬೇಕೆಂದು ಅಮೆರಿಕದ ನಿಯಮ. 51 ಪ್ರತಿಶತದ ನಿಯಮ ಎಂದೇ ಎಲ್ಲರ ಬಾಯಲ್ಲಿ ಓಡಾಡುತ್ತದೆ. ಕೊನೆಗೆ ಪರಿಶೀಲನೆಗೆ ಬರುವವರು ಕೇಳುವುದು ಫೋಟೋ ಮತ್ತು ದಿನಚರಿ. ಮುಂದೆ ವಾರ್ಷಿಕ ತಪಾಸಣೆಯನ್ನು ನಾನೇ ಮಾಡಲು ಬೇಕಾದ ರಿಪೇರ್‌ಮನ್ ಸರ್ಟಿಫಿಕೇಟಿಗೂ ಅದೇ ಆಧಾರ. ಫೋಟೋಗಳಲ್ಲಿ ಹಿನ್ನೆಲೆಯ ಗೋಡೆ, ಹಲಗೆ, ಡಬ್ಬಿಗಳು ಕಾಣುತ್ತವೆ. ಹಳೆಯ ಚಿತ್ರಗಳನ್ನು ನೋಡಿದಾಗ ವಿಮಾನಕ್ಕಿಂತ ಹೆಚ್ಚು ಬದಲಾಗಿರುವುದು ಅವೇ.

ಹಾಗಾದರೆ ನೆಪ ಯಾವುದು, ಕೆಲಸ ಯಾವುದು? ನಾನು ನನಗಾಗಿ ಮಾಡಿಕೊಂಡ ಒರೆಗಲ್ಲು ಇಷ್ಟೇ: ಈಗ ಜೋಡಿಸಿಡುತ್ತಿರುವ ವಸ್ತು ನಕ್ಷೆಯ ಮುಂದಿನ ಮೂರು ಪುಟಗಳೊಳಗೆ ಬಳಕೆಗೆ ಬರುತ್ತದೆಯೇ? ಬರುವುದಾದರೆ ಕೆಲಸ. ಎಂದೋ ಬೇಕಾದೀತು ಎಂದು ಮಾಡುತ್ತಿರುವುದಾದರೆ, ಎಷ್ಟೇ ಚಂದವಾಗಿದ್ದರೂ, ನೆಪ. ಹೊಸ ಡ್ರಾಯರ್ ಸೆಟ್ಟಿನ ಜಾಹೀರಾತು ನೋಡುತ್ತಾ ಕೂತಿರುವುದು ಯಾವ ಲೆಕ್ಕದಲ್ಲಿಯೂ ಕೆಲಸವಲ್ಲ. ಚೊಕ್ಕಟ ಗ್ಯಾರೇಜಿನ ಗೆಳೆಯರ ಬಗ್ಗೆ ತೀರ್ಪು ಕೊಡಲು ಇದನ್ನು ಬಳಸುವುದಿಲ್ಲ. ಕೆಲವರಿಗೆ ಗ್ಯಾರೇಜೇ ಹವ್ಯಾಸ, ಅದರಿಂದ ಯಾರಿಗೂ ತೊಂದರೆಯಿಲ್ಲ, ಮತ್ತು ಅವರ ಬಳಿ ಎರವಲು ಸಿಗದ ಉಪಕರಣವೇ ಇರುವುದಿಲ್ಲ.

ಈ ಒರೆಗಲ್ಲಿನ ಪ್ರಕಾರ ಬರುವ ತಿಂಗಳು ಗ್ಯಾರೇಜು ಮತ್ತೊಮ್ಮೆ ಪೂರ್ತಿ ಬದಲಾಗಬೇಕು. ಒಡಲಿನ ತಗಡಿನ ಕೆಲಸ ಮುಗಿಯುತ್ತಿದೆ, ಮುಂದಿನದು ತಂತಿಗಳದು. ಸ್ವಿಚ್ಚು, ಕನೆಕ್ಟರ್, ರೇಡಿಯೊಗಳ ಹತ್ತಿರ ಅಲ್ಯೂಮಿನಿಯಂ ಚೂರು ಎಂದರೆ ಗೀರಿನ ಪ್ರಶ್ನೆಯಲ್ಲ, ಶಾರ್ಟ್ ಸರ್ಕ್ಯೂಟಿನದು. ಆದ್ದರಿಂದ ಡ್ರಿಲ್ ಪ್ರೆಸ್ಸು, ಅರಗಳು, ಉಜ್ಜುವ ಚಕ್ರ ಎಲ್ಲವೂ ಹಿತ್ತಲಿನ ಶೆಡ್ಡಿಗೆ ಹೋಗುತ್ತವೆ. ಒಂದು ಮೇಜಿಗೆ ಹೊಸ ಹಲಗೆ, ಮೇಲೆ ಇನ್ನೊಂದು ದೀಪ, ತಂತಿಯ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಕ್ರಿಂಪಿಂಗ್ ಉಪಕರಣಗಳಿಗೆ ಗೋಡೆಯ ಹಲಗೆಯ ಮೇಲೆ ಹೊಸ ಆಕಾರಗಳು. ಅದಾದ ಮೇಲೆ ಎಂಜಿನ್ ಮತ್ತು ರೆಕ್ಕೆಗಳ ಜೋಡಣೆಗೆ ವಿಮಾನ ನಿಲ್ದಾಣದ ಹ್ಯಾಂಗರ್. ಸರ್ಕಾರದ ಹಣ ಪಡೆದ ನಿಲ್ದಾಣಗಳಲ್ಲಿ ಹವ್ಯಾಸಿಗಳು ವಿಮಾನ ಕಟ್ಟುವುದನ್ನೂ ಹ್ಯಾಂಗರಿನ ಸರಿಯಾದ ಬಳಕೆಯೆಂದು ಒಪ್ಪುವ ನೀತಿ 2017ರ ಜುಲೈನಿಂದ ಜಾರಿಯಲ್ಲಿರುವುದರಿಂದ ಆ ಕಡೆ ತಕರಾರಿಲ್ಲ, ಕಾಯುವವರ ಪಟ್ಟಿ ಉದ್ದವಿದೆ ಅಷ್ಟೇ. ಅಲ್ಲಿಗೆ ಯಾವ ಉಪಕರಣ ಹೋಗಬೇಕು, ಯಾವುದು ಮನೆಯಲ್ಲಿ ಉಳಿಯಬೇಕು ಎಂದು ಪಟ್ಟಿ ಮಾಡತೊಡಗಿದ್ದೆ; ನಕ್ಷೆಯ ಮೂರು ಪುಟಗಳಾಚೆಗಿನ ವಿಷಯವೆಂದು ಗೊತ್ತಾಗಿ ನಿಲ್ಲಿಸಿದ್ದೇನೆ. ನಾಳೆಯ ತಟ್ಟೆಯಲ್ಲಿ ಸೀಟಿನ ಹಿಂದಿನ ತಗಡಿಗೆ ಬೇಕಾದ ನಟ್ ಪ್ಲೇಟುಗಳಿವೆ, ಅಂದರೆ ತಗಡಿಗೇ ರಿವೆಟ್ ಮಾಡುವ ನಟ್ಟುಗಳು, ಅವಕ್ಕೆ ಸದ್ದಿಲ್ಲದ ಸ್ಕ್ವೀಝರ್ ಸಾಕು.